ಗಾರ್ನೆಟ್ ರಸ್ತೆಯ ಕುರ್ಚಿಗಳು

ನನ್ನ ಅಪ್ಪ ಲೆಸ್ಟರ್ ಪವ್ಲಿಕ್ ಪರಿಸರ ಉಳಿಸಲು ಸೈಕಲ್ ಹತ್ತಿದವನಲ್ಲ. ಕುಡಿದು ಕಾರು ಓಡಿಸಿಕೊಂಡು ಹೋಗಿ ಶವಸಂಸ್ಕಾರ ಮಾಡಿಸುವವರ ಕಟ್ಟಡದ ಗಾಜಿನ ಬಾಗಿಲಿಗೆ ನುಗ್ಗಿಸಿದ್ದ. ಒಳಗಿದ್ದವರು ಆಗಲೇ ಸತ್ತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನ್ಯಾಯಾಧೀಶರು ಲೈಸೆನ್ಸ್ ಕಿತ್ತುಕೊಂಡರು. ಜೈಲಿಗೆ ಕಳಿಸದೆ ಬಿಟ್ಟಿದ್ದಕ್ಕೆ ಒಂದು ಷರತ್ತು ಹಾಕಿದರು: ಇರುವ ಕೆಲಸ ಕಳೆದುಕೊಳ್ಳಬಾರದು. ಕಳೆದುಕೊಂಡರೆ ಮತ್ತೆ ಅವರ ಮುಂದೆ ನಿಲ್ಲಬೇಕು, ಆಗ ಒಳಗೆ ಹೋಗುವುದೇ.

ಕೆಲಸ ಇದ್ದದ್ದು ನದಿಯ ಪಕ್ಕದ ಬ್ರೆಡ್ ಕಾರ್ಖಾನೆಯಲ್ಲಿ. ಬೆಳಗಿನ ಮೊದಲ ಬಸ್ಸು ನಮ್ಮ ಗುಡ್ಡ ಹತ್ತುವ ಹೊತ್ತಿಗೆ ಅಲ್ಲಿ ಮೊದಲ ಸುತ್ತಿನ ಬ್ರೆಡ್ ಒಲೆಯಿಂದ ಹೊರಬಂದಿರುತ್ತದೆ. ಹಾಗಾಗಿ ಅಪ್ಪ, ನಾನು ಹೈಸ್ಕೂಲಿಗೆ ಹೋಗುವಾಗ ಓಡಿಸುತ್ತಿದ್ದ ನೇರಳೆ ಬಣ್ಣದ ಸೈಕಲ್ಲನ್ನು ನೆಲಮಾಳಿಗೆಯಿಂದ ಎಳೆದು ತಂದ. ಮುಂದೆ ಬುಟ್ಟಿ, ಹಿಡಿಕೆಗಳ ತುದಿಯಲ್ಲಿ ಮಿರುಗುವ ಕುಚ್ಚು. ಕುಚ್ಚನ್ನಾದರೂ ಕತ್ತರಿಸು ಅಂದೆ.

"ಇರ್ಲಿ ಬಿಡೇ ಗ್ವೆನ್. ಕತ್ತರಿಸಿದ್ರೆ ನಾನೇನು ಸಿನಿಮಾ ಹೀರೋ ಥರ ಕಾಣ್ತೀನಾ?"

ನಮ್ಮ ಮನೆಯಿಂದ ಕಾರ್ಖಾನೆಗೆ ಇಳಿಯಲು ಇರುವುದು ಒಂದೇ ದಾರಿ, ಗಾರ್ನೆಟ್ ರಸ್ತೆ. ಕಡಿದಾದ ಇಳಿಜಾರು. ಎರಡೂ ಕಡೆ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತ ಇಟ್ಟಿಗೆ ಮನೆಗಳು, ಉಕ್ಕಿನ ಕಾರ್ಖಾನೆಗಳ ಕಾಲದವು. ಆಗ ಕೂಲಿಯವರಿಗೆ ಕಾರಿರಲಿಲ್ಲ, ಆದ್ದರಿಂದ ಮನೆಗಳಿಗೆ ಗ್ಯಾರೇಜಿಲ್ಲ. ಈಗ ಆ ಉಕ್ಕಿನ ಕಾರ್ಖಾನೆಗಳಿಲ್ಲ, ಪ್ರತಿ ಮನೆಗೂ ಎರಡೆರಡು ಕಾರು. ಎಲ್ಲವೂ ರಸ್ತೆಯಲ್ಲೇ ಮಲಗಬೇಕು.

ಅಂಥ ರಸ್ತೆಯ ಒಂದು ಅಂಚಿಗೆ ನಗರಸಭೆಯವರು ಹಸಿರು ಬಣ್ಣ ಬಳಿದು ಸೈಕಲ್ ಪಥ ಅಂದರು. ಬಣ್ಣ ಒಣಗುವ ಮೊದಲೇ ಅದರ ಮೇಲೆ ಕಾರುಗಳು ನಿಂತವು. ಕೆಲವು ದಿನ ಊರಲ್ಲಿ ಹಸಿರು ಟೈರಿನ ಕಾರುಗಳು ಓಡಾಡಿದವು. ಅದು ಬಿಟ್ಟರೆ ಆ ಯೋಜನೆಯಿಂದ ಯಾರಿಗೂ ಏನೂ ಬದಲಾಗಲಿಲ್ಲ.

ಅಪ್ಪ ನಸುಕಿನಲ್ಲಿ ಇಳಿಯುವಾಗ ಪಥದ ತುಂಬ ಕಾರು. ಒಂದೊಂದು ಕಾರು ಎದುರಾದಾಗಲೂ ಅವನು ರಸ್ತೆಯ ನಡುವಿಗೆ ಬಂದು, ದಾಟಿ, ಮತ್ತೆ ಅಂಚಿಗೆ ಹೋಗಬೇಕು. ಅದೇ ಹೊತ್ತಿಗೆ ಹೆದ್ದಾರಿಯಿಂದ ಸರಕಿನ ವ್ಯಾನುಗಳು ಬ್ರೇಕು ಕಿರುಗುಟ್ಟಿಸುತ್ತ ಇಳಿಯುತ್ತವೆ. ಮಾರ್ಚಿನಲ್ಲಿ ಒಂದು ವ್ಯಾನಿನ ಕನ್ನಡಿ ಅವನ ಮೊಣಕೈಗೆ ಬಡಿಯಿತು. ಕೈ ಬದನೆಕಾಯಿಯಂತೆ ಊದಿತ್ತು.

"ಡಾಕ್ಟರ್ ಹತ್ರ ಹೋಗೋಣ ನಡಿ."

"ಹೋದ್ರೆ ರಜೆ ಹಾಕ್ಬೇಕು. ರಜೆ ಹಾಕಿದ್ರೆ ಮೇಸ್ತ್ರಿ ಮುಖ ಊದುತ್ತೆ. ನನ್ನ ಕೈಯೇ ಊದ್ಲಿ ಬಿಡು."

ಆವತ್ತಿನಿಂದ ನನಗೆ ಒಂದೇ ಯೋಚನೆ. ಇವನು ಈ ರಸ್ತೆಯಲ್ಲಿ ಸಾಯಬಾರದು, ಕೆಲಸವೂ ಹೋಗಬಾರದು. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಅವನನ್ನು ಕರೆದೊಯ್ಯಲು ನನ್ನ ಹತ್ತಿರವೂ ಕಾರಿರಲಿಲ್ಲ. ಇದ್ದ ಒಂದೇ ಕಾರು ಶವಸಂಸ್ಕಾರದವರ ಬಾಗಿಲಲ್ಲಿ ತೀರಿಕೊಂಡಿತ್ತು.

ಮೇ ತಿಂಗಳಲ್ಲಿ ಕೌನ್ಸಿಲರ್ ಬ್ರೆಂಡಾ ಸ್ಕಾಲೀಸ್ 'ಸೈಕಲ್ಲಿನಲ್ಲಿ ಕೆಲಸಕ್ಕೆ' ಎಂಬ ವಾರ ಆಚರಿಸಿದಳು. ಗಾರ್ನೆಟ್ ರಸ್ತೆಯ ತುದಿಯಲ್ಲಿ ಶಾಮಿಯಾನ. ಬಂದವರಿಗೆಲ್ಲ ಒಂದು ಬಾಳೆಹಣ್ಣು, ಒಂದು ಸೈಕಲ್ ಗಂಟೆ, ಕತ್ತಲಲ್ಲಿ ಹೊಳೆಯುವ ಬೂಟಿನ ದಾರ. ಕೌನ್ಸಿಲರ್ ತನ್ನ ಸೈಕಲ್ಲನ್ನು ದೊಡ್ಡ ಕಾರಿನ ನೆತ್ತಿಯ ಮೇಲೆ ಕಟ್ಟಿಸಿಕೊಂಡು ಬಂದಳು. ಫೋಟೋದವರು ಸಿದ್ಧ ಅಂದ ಮೇಲೆ ಅದನ್ನು ಇಳಿಸಿ, ಇಳಿಜಾರಿನಲ್ಲಿ ಒಂದು ಮನೆಯಿಂದ ನಾಲ್ಕನೇ ಮನೆಯವರೆಗೆ ಉರುಳಿದಳು. ಪೆಡಲ್ ತುಳಿಯುವ ಪ್ರಮೇಯವೇ ಬರಲಿಲ್ಲ. ಅಷ್ಟು ಹೊತ್ತೂ ಅವಳ ಕಾರು ಸೈಕಲ್ ಪಥದಲ್ಲೇ, ನಾಲ್ಕೂ ದೀಪ ಮಿಣುಕಿಸುತ್ತ ನಿಂತಿತ್ತು. ನಮ್ಮ ಕಡೆ ಆ ದೀಪ ಮಿಣುಕಿಸಿದರೆ ಚರ್ಚಿನ ಒಳಗೂ ಕಾರು ನಿಲ್ಲಿಸಬಹುದು ಎಂದು ಜನ ನಂಬಿದ್ದಾರೆ.

ಅಪ್ಪ ಆಗ ಪಾಳಿ ಮುಗಿಸಿ, ಮೈತುಂಬ ಹಿಟ್ಟು ಮೆತ್ತಿಕೊಂಡು, ನೇರಳೆ ಸೈಕಲ್ ತಳ್ಳುತ್ತ ಗುಡ್ಡ ಹತ್ತುತ್ತಿದ್ದ. ಆ ವಾರದಲ್ಲಿ ಆ ರಸ್ತೆಯಲ್ಲಿ ನಿಜವಾಗಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿ ಬಂದವನು ಅವನೊಬ್ಬನೇ. ಸ್ವಯಂಸೇವಕನೊಬ್ಬ ಅವನನ್ನು ನೋಡಿ, "ಸಾರ್, ಸ್ವಲ್ಪ ಆ ಕಡೆಯಿಂದ ಹೋಗ್ತೀರಾ? ಫೋಟೋ ತೆಗೀತಿದ್ದಾರೆ" ಅಂದ.

ಅಪ್ಪ ಆ ಕಡೆಯಿಂದ ಹೋದ. ಹೋಗುವಾಗ ಎರಡು ಬಾಳೆಹಣ್ಣು ಎತ್ತಿಕೊಂಡ.

ಆ ವಾರದ ಕೊನೆಗೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಹಿಂಬದಿಯ ಅಡುಗೆಕೋಣೆಯಲ್ಲಿ ಹೆಂಗಸರು ಆಲೂಗಡ್ಡೆ ಕಡುಬು ಬೇಯಿಸುತ್ತಿದ್ದರು, ಈರುಳ್ಳಿ ಬಾಡುವ ವಾಸನೆ. ನಾನು ಎದ್ದು ನಿಂತು ಕಾರು ನುಗ್ಗದ ಹಾಗೆ ಪಥದ ಅಂಚಿಗೆ ಕಂಬ ನೆಡಿ ಅಂದೆ.

"ಒಳ್ಳೇ ಪ್ರಶ್ನೆ ಕೇಳಿದ್ರಿ" ಅಂದಳು ಕೌನ್ಸಿಲರ್. ನಾನು ಪ್ರಶ್ನೆ ಕೇಳಿರಲಿಲ್ಲ. "ಆದ್ರೆ ಕಂಬ ನೆಟ್ರೆ ಚಳಿಗಾಲದಲ್ಲಿ ಹಿಮ ತೆಗೆಯೋ ಗಾಡಿಗೆ ತೊಂದ್ರೆ ಆಗುತ್ತೆ."

"ಕಾರು ನಿಂತ್ರೆ ತೊಂದ್ರೆ ಆಗಲ್ವಾ?"

"ಜೊತೆಗೆ ನಾವು ಸಮೀಕ್ಷೆನೂ ಮಾಡಿಸಿದ್ವಿ. ಆ ರಸ್ತೇಲಿ ಸೈಕಲ್ ಓಡಿಸೋರೇ ಇಲ್ಲಮ್ಮ. ಸೈಕಲ್ ಸವಾರರು ಜಾಸ್ತಿ ಆಗ್ಲಿ, ಖಂಡಿತ ಕಂಬ ಹಾಕ್ತೀವಿ."

"ಕಂಬ ಇಲ್ದೆ ಯಾರು ಓಡಿಸ್ತಾರೆ? ಈಜು ಕಲ್ತು ಬನ್ನಿ, ಆಮೇಲೆ ಕೊಳಕ್ಕೆ ನೀರು ಬಿಡ್ತೀವಿ ಅಂದಹಾಗಾಯ್ತು. ಸಮೀಕ್ಷೆ ಯಾವಾಗ ಮಾಡಿದ್ರಿ?"

ಅವಳ ಪಕ್ಕದಲ್ಲಿದ್ದವನು ಮಧ್ಯಾಹ್ನ ಅಂದ.

"ನಮ್ಮಪ್ಪ ನಸುಕಿನಲ್ಲಿ ಹೋಗ್ತಾನೆ."

ಹಿಂದಿನ ಸಾಲಿನಿಂದ ಗಾರ್ನೆಟ್ ರಸ್ತೆಯ ಸ್ಟಾಶ್ ಡೊಂಬ್ರೊ ಎದ್ದ. ಅಪ್ಪನೂ ಅವನೂ ಶಾಲೆಯಲ್ಲಿ ಒಂದೇ ತರಗತಿ. "ನಿಮ್ಮಪ್ಪ ಸೈಕಲ್ ಓಡಿಸೋದು ಕುಡಿದು ಲೈಸೆನ್ಸ್ ಕಳ್ಕೊಂಡಿದ್ದಕ್ಕೆ ತಾನೆ? ಅದಕ್ಕೆ ನಾನ್ಯಾಕಮ್ಮ ನನ್ನ ಕಾರು ಎರಡು ಬೀದಿ ಆಚೆ ನಿಲ್ಲಿಸ್ಬೇಕು?"

ಜನ ನಕ್ಕರು. ಅಪ್ಪನೂ ನಕ್ಕ. ಕೌನ್ಸಿಲರ್ ನನ್ನ ಕೈಗೆ ಇನ್ನೊಂದು ಸೈಕಲ್ ಗಂಟೆ ಕೊಟ್ಟಳು.

ಆವತ್ತು ಮನೆಗೆ ಬರುವಾಗ ನಮ್ಮ ಬೀದಿಯಲ್ಲಿ ಒಂದು ಹಳೆಯ ಅಡುಗೆಮನೆ ಕುರ್ಚಿ ಕಂಡಿತು. ಅದು ದಿನವೂ ಅಲ್ಲೇ ಇರುತ್ತದೆ, ಆ ದಿನ ಕಣ್ಣಿಗೆ ಬಿತ್ತು. ನಮ್ಮೂರಿನಲ್ಲಿ ಹಿಮ ಬಿದ್ದಾಗ ಸಲಿಕೆ ಹಿಡಿದು ಕಾರಿಗೆ ಜಾಗ ಮಾಡಿಕೊಂಡವರು, ಕೆಲಸಕ್ಕೆ ಹೋಗುವಾಗ ಆ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ಸಂಜೆ ಬರುವವರೆಗೆ ಆ ಜಾಗ ಅವರದು. ಅದನ್ನು ಸರಿಸಿ ಕಾರು ನಿಲ್ಲಿಸಿದವನ ಟೈರಿನಲ್ಲಿ ಗಾಳಿ ಇರುವುದಿಲ್ಲ, ಚರ್ಚಿನಲ್ಲಿ ಅವನ ಪಕ್ಕ ಯಾರೂ ಕೂರುವುದಿಲ್ಲ. ಹಿಮ ಕರಗಿದ ಮೇಲೂ ಕುರ್ಚಿಗಳು ಒಳಗೆ ಹೋಗುವುದಿಲ್ಲ. ಹೆಂಡತಿಗೆ ಹೊಡೆಯುವವನು ನಮ್ಮೂರಲ್ಲಿ ಇದ್ದಾನೆ, ತೆರಿಗೆ ಕದಿಯುವವನಿದ್ದಾನೆ, ಇನ್ನೊಬ್ಬನ ಕುರ್ಚಿ ಮುಟ್ಟಿದವನು ಮಾತ್ರ ಇಲ್ಲ.

ಬಣ್ಣಕ್ಕೆ ಮರ್ಯಾದೆ ಕೊಡದ ಜನ ಕುರ್ಚಿಗೆ ಕೊಡುತ್ತಾರೆ. ಅಷ್ಟು ಗೊತ್ತಾದ ಮೇಲೆ ನನಗೆ ಕೌನ್ಸಿಲರ್ ಬೇಕಾಗಿರಲಿಲ್ಲ.

ಕಸದ ದಿನ ಬೀದಿಗೆ ಎಸೆದಿದ್ದ ಕುರ್ಚಿಗಳನ್ನೆಲ್ಲ ಹೆಕ್ಕಿದೆ. ಚರ್ಚಿನ ಪಾದ್ರಿ ಮುರುಕಲು ಮಡಚು ಕುರ್ಚಿಗಳ ಒಂದು ರಾಶಿಯನ್ನೇ ಕೊಟ್ಟರು. ಮುಂದಿನ ಶನಿವಾರ, ಗಾರ್ನೆಟ್ ರಸ್ತೆಯ ಕಾರುಗಳೆಲ್ಲ ಬೇಸ್‌ಬಾಲ್ ಪಂದ್ಯಕ್ಕೆ ಹೋಗಿದ್ದಾಗ, ಹಸಿರು ಪಥದ ಹೊರ ಅಂಚಿಗೆ ಒಂದು ಕಾರೂ ನುಗ್ಗದಷ್ಟು ಅಂತರ ಬಿಟ್ಟು ಸಾಲಾಗಿ ಇಟ್ಟೆ. ಫುಟ್‌ಪಾತಿಗೂ ಕುರ್ಚಿಗಳ ಸಾಲಿಗೂ ನಡುವೆ ಸೈಕಲ್ಲಿಗೆ ಸಲೀಸಾದ ದಾರಿ.

ಸ್ಟಾಶ್ ಕಾಫಿ ಲೋಟ ಹಿಡಿದು ಜಗಲಿಗೆ ಬಂದ.

"ಯಾರದಮ್ಮ ಈ ಕುರ್ಚಿ?"

"ನಮ್ಮಪ್ಪಂದು."

"ಅಷ್ಟೂ?"

"ಅಷ್ಟೂ."

"ಅವನ ಹತ್ರ ಕಾರೇ ಇಲ್ವಲ್ಲ."

"ಸೈಕಲ್ ಇದೆ."

ಅವನು ಕಾಫಿ ಕುಡಿದು ಯೋಚಿಸಿದ. "ಒಂದು ಸೈಕಲ್ ನಿಲ್ಸೋಕೆ ಇಷ್ಟು ಜಾಗ ಬೇಕಾ?"

"ನಿಲ್ಸೋಕಲ್ಲ ಸ್ಟಾಶ್ ಮಾಮ, ಓಡಿಸೋಕೆ."

"ಕುರ್ಚಿ ಇಡೋದು ನಿಲ್ಸೋಕೆ ಕಣಮ್ಮ. ಅದಕ್ಕೊಂದು ರೀತಿ ನೀತಿ ಇದೆ."

"ಹಾಗಾದ್ರೆ ತೆಗೆದು ಬಿಸಾಕಿ."

ಅವನು ಮೆಟ್ಟಿಲು ಇಳಿದು ಬಂದು ಮೊದಲ ಕುರ್ಚಿಯ ಮುಂದೆ ನಿಂತ. ಒಂದು ಕಾಲು ಮೋಟಾದ, ಸೀಟು ಹರಿದ ಕುರ್ಚಿ ಅದು. ಕೈ ಚಾಚಿದ. ಆಮೇಲೆ ಆ ಕೈಯಿಂದ ಕತ್ತು ಕೆರೆದುಕೊಂಡು ಒಳಗೆ ಹೋದ.

ಪಂದ್ಯದಿಂದ ಬಂದ ಕಾರುಗಳು ಒಂದೊಂದಾಗಿ ಗಾರ್ನೆಟ್ ರಸ್ತೆಗೆ ತಿರುಗಿ, ನಿಧಾನವಾಗಿ, ಕುರ್ಚಿಗಳನ್ನು ನೋಡಿ, ಬೈದುಕೊಂಡು ಮುಂದೆ ಹೋದವು. ಒಂದೂ ನಿಲ್ಲಲಿಲ್ಲ. ಸೋಮವಾರ ಅಪ್ಪ ಮೊದಲ ಸಲ ನೆಟ್ಟಗೆ ಇಳಿದ. ಸಂಜೆ ಬಂದವನು ಊಟಕ್ಕೆ ಕೂತು, "ಬ್ರೇಕೇ ಹಿಡಿಲಿಲ್ಲ ಕಣೇ. ಕುಚ್ಚೆಲ್ಲ ಹಾರ್ತಿತ್ತು" ಅಂದ. ಅವನು ಅಷ್ಟು ಮಾತಾಡಿ ಬಹಳ ದಿನವಾಗಿತ್ತು.

ಬೇಸಿಗೆ ಅರ್ಧ ಹೀಗೇ ಕಳೆಯಿತು. ಇನ್ನೂ ಕೆಲವರು ಸೈಕಲ್ ಹೊರಗೆ ತೆಗೆದರು: ಆಸ್ಪತ್ರೆಯ ಕಸ ಗುಡಿಸುವವಳು, ಪಿಜ್ಜಾ ಒಯ್ಯುವ ಇಬ್ಬರು. ದೂರುಗಳು ಜೋರಾದಾಗ ನಗರಸಭೆಯವರು ಕುರ್ಚಿ ತೆರವು ಮಾಡಲು ಒಂದು ಲಾರಿ ಕಳಿಸಿದರು. ಆ ದಿನ ನನಗೆ ರಜೆ, ಅಲ್ಲೇ ನಿಂತಿದ್ದೆ. ಮೂವರು ಕೆಲಸಗಾರರು ಲಾರಿಯಿಂದ ಇಳಿದು, ಕೈಗವಸು ಹಾಕಿಕೊಂಡು, ಕುರ್ಚಿಗಳನ್ನು ನೋಡಿದರು.

"ತೆಗಿಯೋ."

"ನೀನೇ ತೆಗಿ."

"ಯಾರದಂತೆ?"

"ಯಾರದ್ದಾದ್ರೇನು, ತೆಗಿ ಅಂತ ಆರ್ಡರ್ ಇದೆ."

"ಆರ್ಡರ್ ಕೊಟ್ಟೋನು ಈ ಬೀದೀಲಿ ಇದಾನಾ? ನಮ್ಮತ್ತೆ ಮನೆ ಮೂರನೇ ಬೀದಿ ಮಾರಾಯ. ನಾಳೆ ಅವಳು ನನ್ನ ಒಳಗೆ ಸೇರಿಸ್ಬೇಕಲ್ಲ."

ಮೂವರೂ ಲಾರಿಯ ನೆರಳಲ್ಲಿ ಕೂತು ಊಟ ಮಾಡಿ, 'ಕುರ್ಚಿಗಳು ಬಳಕೆಯಲ್ಲಿವೆ' ಎಂದು ಫೋನಿನಲ್ಲಿ ವರದಿ ಒಪ್ಪಿಸಿ ಹೋದರು.

ತೆಗೆಯಲಾಗದ್ದನ್ನು ಕೌನ್ಸಿಲರ್ ತನ್ನದೇ ಅಂದುಕೊಂಡಳು. ಟೀವಿಯವರನ್ನು ಕರೆತಂದು, ಇದ್ದುದರಲ್ಲಿ ಚೆನ್ನಾಗಿದ್ದ ಕುರ್ಚಿಯ ಮೇಲೆ ಕೂತು, "ಸಮುದಾಯವೇ ಮುಂದೆ ಬಂದ್ರೆ ಸುರಕ್ಷತೆಗೆ ಖರ್ಚೇ ಆಗಲ್ಲ ಅನ್ನೋದಕ್ಕೆ ನಮ್ಮ ವಾರ್ಡೇ ಸಾಕ್ಷಿ" ಅಂದಳು. ಈಗ ಕಂಬಗಳ ಅಗತ್ಯವಿಲ್ಲ ಅಂತಲೂ ಅಂದಳು. ಅವಳ ಕಾರು ಎಲ್ಲಿ ನಿಂತಿದೆ ಎಂದು ಹುಡುಕಿದೆ. ಎದುರು ಬದಿಯಲ್ಲಿ, ಯಾರೂ ಕಾರು ನಿಲ್ಲಿಸಬಾರದ ಬೆಂಕಿ ಆರಿಸುವ ನಲ್ಲಿಯ ಮುಂದೆ, ದೀಪ ಮಿಣುಕಿಸುತ್ತಿತ್ತು.

ಆ ಬೇಸಿಗೆಯಲ್ಲಿ ಸ್ಟಾಶ್ ಮಾತ್ರ ಸುಮ್ಮನೆ ಯೋಚಿಸುತ್ತಲೇ ಇದ್ದ. ಅವನು ಕೆಟ್ಟವನಲ್ಲ, ನಮ್ಮೂರಿನವನು ಅಷ್ಟೇ. ಇನ್ನೊಬ್ಬರ ಕುರ್ಚಿ ಮುಟ್ಟುವಂತಿಲ್ಲ, ಸರಿ. ತನ್ನ ಕುರ್ಚಿ ಇಡಬಾರದು ಎಂದು ಎಲ್ಲಿದೆ? ಓಹಾಯೋದಲ್ಲಿರುವ ಅವನ ಮಗ ಭಾನುವಾರ ಬರುವವನಿದ್ದ. ಗುರುವಾರ ಸಂಜೆಯೇ ಸ್ಟಾಶ್ ತನ್ನ ಅಡುಗೆಮನೆಯ ಕುರ್ಚಿಯೊಂದನ್ನು ತಂದು ನನ್ನ ಸಾಲಿನ ಒಳಗೆ, ಹಸಿರು ಪಥದ ನಟ್ಟನಡುವೆ ಇಟ್ಟ. ಹಳದಿ ಸೀಟು, ಹೊಳೆಯುವ ಉಕ್ಕಿನ ಕಾಲು, ತೀರಿಕೊಂಡ ಹೆಂಡತಿಯ ಸೆಟ್ಟಿನದು. ಜಾಗ ತನ್ನದೇ ಎಂದು ಇನ್ನೂ ಸ್ಪಷ್ಟವಾಗಲಿ ಅಂತ ಕುರ್ಚಿಯ ಎರಡೂ ಬದಿಗೆ ಒಂದೊಂದು ಕಸದ ಡಬ್ಬಿ ನಿಲ್ಲಿಸಿ, ಮೇಲೆ ಅಡ್ಡಕ್ಕೆ ಪೊರಕೆ ಮಲಗಿಸಿದ. ನಾನು ಆ ಸಂಜೆ ಅಂಗಡಿಯಲ್ಲಿದ್ದೆ. ನೋಡಲಿಲ್ಲ.

ಶುಕ್ರವಾರ ನಸುಕಿನಲ್ಲಿ ಅಪ್ಪ ಇಳಿದ. ಮುಂದೆ ನಡೆದದ್ದನ್ನು ನನಗೆ ಹೇಳಿದವನು ಸ್ಟಾಶ್. ಜಗಲಿಯಿಂದ ಎಲ್ಲವನ್ನೂ ನೋಡಿದ್ದ.

ಅಪ್ಪ ಹಳದಿ ಕುರ್ಚಿ ಕಂಡು ಬ್ರೇಕ್ ಹಿಡಿದ. ಇಳಿದು ನಿಂತ. ಫುಟ್‌ಪಾತಿನ ಮೇಲೆ ಹೋಗೋಣವೆಂದರೆ ಕಸದ ದಿನ, ಅಲ್ಲಿ ಡಬ್ಬಿ, ಹಾಸಿಗೆ, ಮುರಿದ ಫ್ರಿಜ್ಜು. ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿ ಆಚೆ ಇಟ್ಟು, ದಾಟಿ, ಮತ್ತೆ ಅಲ್ಲೇ ಇಡಬಹುದಿತ್ತು. ಇಪ್ಪತ್ತು ವರ್ಷ ಹಿಟ್ಟಿನ ಮೂಟೆ ಎತ್ತಿದವನಿಗೆ ಅದು ಭಾರವಲ್ಲ. ಅಪ್ಪ ಕುರ್ಚಿಯನ್ನು ನೋಡಿದ. ಜಗಲಿಯ ಮೇಲಿದ್ದ ಸ್ಟಾಶ್‌ನನ್ನು ನೋಡಿದ.

"ನಿಂದಾ?" ಅಂದ.

"ನಂದು. ಮಗ ಬರ್ತಾನೆ."

"ಚಿಕ್ಕೋನಾ?"

"ದೊಡ್ಡೋನು."

"ಕೇಳ್ದೆ ಅಂತ ಹೇಳು."

ಅಷ್ಟು ಹೇಳಿ ಅಪ್ಪ ಸೈಕಲ್ ತಿರುಗಿಸಿ, ನನ್ನ ಎರಡು ಕುರ್ಚಿಗಳ ನಡುವೆ ನುಸುಳಿ ರಸ್ತೆಗೆ ಇಳಿದ. ಮೇಲಿನಿಂದ ಬಂದ ವ್ಯಾನಿನವನು ಬೇಸಿಗೆಯೆಲ್ಲ ಕುರ್ಚಿಗಳ ಆಚೆ ಸೈಕಲ್ ಹೋಗುವುದನ್ನು ನೋಡಿ ಅಭ್ಯಾಸವಾದವನು. ಬ್ರೇಕು ಹಾಕಿದ, ತಡವಾಗಿತ್ತು. ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಸೊಂಟ ಬಿರುಕು ಬಿಟ್ಟಿತು.

ಆಂಬುಲೆನ್ಸಿಗೆ ಫೋನ್ ಮಾಡಿದವನು ಸ್ಟಾಶ್. ತನ್ನ ಕೋಟು ತಂದು ಹೊದಿಸಿದವನೂ ಅವನೇ. ಕುರ್ಚಿ ತೆಗೆಯಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ಅಪ್ಪನನ್ನು ಮೂಳೆ ಕೂಡಿಸಲು ಒಳಗೆ ಕರೆದೊಯ್ದ ಮೇಲೆ, ಸೈಕಲ್ ತರಲು ನಾನು ಗಾರ್ನೆಟ್ ರಸ್ತೆಗೆ ಬಂದಾಗ ಪೊಲೀಸರು ಇನ್ನೂ ಅಳತೆ ಮಾಡುತ್ತಿದ್ದರು. ಆಂಬುಲೆನ್ಸಿನವರು ಸ್ಟ್ರೆಚರನ್ನು ಕುರ್ಚಿಗಳ ಸುತ್ತು ಹಾಕಿಕೊಂಡು ಒಯ್ದರಂತೆ. ಪೊಲೀಸರ ಟೇಪೂ ಹಳದಿ ಕುರ್ಚಿಯ ಹತ್ತಿರ ಬಂದು, ಬಳಸಿ, ಮುಂದೆ ಹೋಗಿತ್ತು. ನೇರಳೆ ಸೈಕಲ್ ಮುದ್ದೆಯಾಗಿತ್ತು. ಅದನ್ನು ಒಯ್ದು ಪ್ರಯೋಜನವಿರಲಿಲ್ಲ.

ನಾನು ಪೊರಕೆ ಎತ್ತಿ ಬಿಸಾಕಿ, ಹಳದಿ ಕುರ್ಚಿಯನ್ನು ಕಂಕುಳಿಗೆ ಸಿಕ್ಕಿಸಿದೆ.

ಬೆಳಗ್ಗೆ ಮನುಷ್ಯನೊಬ್ಬ ವ್ಯಾನಿನ ಕೆಳಗೆ ಬಿದ್ದಾಗ ಜಗಲಿಗೆ ಬಾರದಿದ್ದವರೂ ಈಗ ಬಂದು ನಿಂತರು. ಪೊಲೀಸಿನವನ ಕೈಯಲ್ಲಿದ್ದ ಟೇಪು ಸುರ್ರನೆ ಸುತ್ತಿಕೊಂಡಿತು.

"ಏಯ್, ಅದು ನನ್ನ ಕುರ್ಚಿ ಕಣಮ್ಮ" ಅಂದ ಸ್ಟಾಶ್.

"ಗೊತ್ತು."

"ಭಾನುವಾರ ಮಗ ಬರ್ತಾನೆ."

"ಬರ್ಲಿ. ಎರಡು ಬೀದಿ ಆಚೆ ನಿಲ್ಸೋಕೆ ಹೇಳಿ."

"ಗ್ವೆನ್, ನಿಮ್ಮಪ್ಪಂಗೆ ಹೀಗಾಯ್ತು ಅಂತ ನಂಗೂ ಬೇಜಾರಿದೆ. ಆದ್ರೆ ಇದು ಸರಿಯಲ್ಲ. ನಿಮ್ಮಪ್ಪನೇ ಮುಟ್ಟಲಿಲ್ಲ ನೋಡು."

ಕುರ್ಚಿ ಹೊತ್ತು ಬಸ್ಸು ಹತ್ತಿದೆ. ಡ್ರೈವರು ನನ್ನ ಮುಖ ನೋಡಲಿಲ್ಲ, ಕುರ್ಚಿ ನೋಡಿದ.

ವಾರ್ಡಿನಲ್ಲಿ ಅಪ್ಪನ ಕಾಲನ್ನು ತೂಗುಹಾಕಿದ್ದರು. ಮೂಗಿನ ಪಕ್ಕ ಇನ್ನೂ ಹಿಂದಿನ ದಿನದ ಹಿಟ್ಟಿತ್ತು. ಪಕ್ಕದ ಮೇಜಿನ ಮೇಲೆ ಕೌನ್ಸಿಲರ್ ಕಳಿಸಿದ ಬುಟ್ಟಿ: ಬಾಳೆಹಣ್ಣು, ಹೊಳೆಯುವ ಜಾಕೆಟ್ಟು, ಒಂದು ಗಂಟೆ. ಕಾರ್ಖಾನೆಯ ಮೇಸ್ತ್ರಿ ಫೋನು ಮಾಡಿ, ನಡೆಯುವಂತಾದ ಮೇಲೆ ಬಂದು ಕಾಣು, ಜಾಗ ಖಾಲಿ ಇದ್ದರೆ ನೋಡೋಣ ಅಂದಿದ್ದ. ಅಂದರೆ ಕೆಲಸ ಹೋಯಿತು. ವಕೀಲರು ನ್ಯಾಯಾಧೀಶರ ಜೊತೆ ಮಾತಾಡುತ್ತೇನೆ ಅಂದಿದ್ದರು; ಏನಾಗುತ್ತದೋ ಅವರಿಗೂ ಗೊತ್ತಿರಲಿಲ್ಲ.

ನಾನು ಕುರ್ಚಿಯನ್ನು ಮಂಚದ ಪಕ್ಕ ಇಟ್ಟೆ. ಅಪ್ಪ ಕತ್ತು ಹೊರಳಿಸಿದ.

"ಅದು ಸ್ಟಾಶ್‌ದಲ್ವೇನೇ?"

"ಹೂಂ."

"ಕೇಳಿ ತಂದ್ಯಾ?"

"ಇಲ್ಲ."

"ಅಯ್ಯೋ ದೇವ್ರೇ. ಯಾರಾದ್ರೂ ನೋಡಿದ್ರಾ?"

"ಇಡೀ ಬೀದಿ ನೋಡ್ತು. ಪೊಲೀಸ್‌ನೋರೂ ನೋಡಿದ್ರು."

ಅವನು ಕಣ್ಣು ಮುಚ್ಚಿದ. ಮೂಳೆ ಕೂಡಿಸುವಾಗಲೂ ಹೀಗೆ ಮುಖ ಹಿಂಡಿರಲಿಕ್ಕಿಲ್ಲ.

"ಅಪ್ಪ, ಒಂದು ಕೇಳ್ತೀನಿ, ನಿಜ ಹೇಳು. ಯಾಕೆ ಅದನ್ನ ಎತ್ತಿ ಆಚೆ ಇಡ್ಲಿಲ್ಲ? ಒಂದೇ ಒಂದು ಕುರ್ಚಿ."

"ಅವನದಲ್ವೇನೇ ಅದು" ಅಂದ, ಪೆದ್ದ ಮಗುವಿಗೆ ತಿಳಿಹೇಳುವವನ ಹಾಗೆ. "ಅವನ ಕುರ್ಚಿ ನಾನು ಎತ್ತಿದ್ರೆ ನಾಳೆ ನಿನ್ನ ಕುರ್ಚಿ ಅವನು ಎತ್ತಲ್ವಾ? ಆಮೇಲೆ ನಾನು ಸೈಕಲ್ ಎಲ್ಲಿ ಓಡಿಸ್ಲಿ?"

"ಈಗ ಎಲ್ಲಿ ಓಡಿಸ್ತೀಯ?"

ಅವನು ತೂಗುಬಿದ್ದ ಕಾಲನ್ನು ನೋಡಿದ.

"ಕಾಲು ಹೋಯ್ತು, ಕೆಲಸ ಹೋಯ್ತು. ಇನ್ನು ಮರ್ಯಾದೆನೂ ಹೋಗ್ಬೇಕಾ? ವಾಪಸ್ ಇಟ್ಟು ಬಾರೇ."

"ಇಡಲ್ಲ."

ನಾನು ಕುರ್ಚಿಯ ಮೇಲೆ ಕೂತೆ. ಸೀಟು ಮೆತ್ತಗಿತ್ತು, ಸ್ಟಾಶ್‌ನ ಹೆಂಡತಿ ಒಳ್ಳೆಯದನ್ನೇ ಆರಿಸಿದ್ದಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿಗೆ ನಾನು ಕೈ ತೊಳೆಯಲು ಎದ್ದು ಬಾಗಿಲ ಬಳಿಯ ಸಿಂಕಿಗೆ ಹೋದೆ. ಆಗ ನರ್ಸ್ ಒಬ್ಬಳು ಔಷಧಿಯ ಗಾಡಿ ತಳ್ಳಿಕೊಂಡು ಒಳಗೆ ಬಂದಳು. ಮಂಚಗಳ ನಡುವಿನ ದಾರಿಗೆ ಹಳದಿ ಕುರ್ಚಿ ಅಡ್ಡವಾಗಿತ್ತು. ಗಾಡಿ ನಿಲ್ಲಿಸಿ ಅದರ ಕಡೆ ನೋಡಿದಳು.

"ಯಾರದಿದು?"

ಅಪ್ಪ ಗೋಡೆ ನೋಡುತ್ತಲೇ, "ನಮ್ಮದಲ್ಲಮ್ಮ" ಅಂದ.

ಅವಳು ಚಾಚಿದ ಕೈಯನ್ನು ಹಿಂದೆ ತೆಗೆದಳು. ಗಾಡಿಯನ್ನು ತಿರುಗಿಸಿ, ಪಕ್ಕದ ಎರಡು ಮಂಚಗಳನ್ನು ಸುತ್ತು ಹಾಕಿ, ಒಂದು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು, ಬಿಡಿಸಿಕೊಂಡು, ಕೊನೆಗೂ ಮಂಚದ ಇನ್ನೊಂದು ಬದಿಯಿಂದ ಬಂದು ಅಪ್ಪನಿಗೆ ಸೂಜಿ ಚುಚ್ಚಿದಳು.